ಮೊದಲು ಏಪ್ರಿಲ್ ತಿಂಗಳ ದುಡ್ಡು ಹೊಂದಿಸಿ

(ಬೆಂಗಳೂರಿನ ಬಡಾವಣೆಯೊಂದರ ಸರ್ಕಾರಿ ಶಾಲೆಯಲ್ಲಿ ಪೋಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ಸುತ್ತಲಿನ ನಿವಾಸಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ.)

ನೀವು ನನ್ನನ್ನು ಕರೆದಿದ್ದು ಒಂದೇ ಪ್ರಶ್ನೆಗೆ. ಈ ಅಂಗಳದಲ್ಲಿ ಮರ ಬೆಳೆಸಬೇಕು, ಅದಕ್ಕೆ ದುಡ್ಡು ಎಲ್ಲಿಂದ ತರೋದು? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಗಿಡಕ್ಕೆ ದುಡ್ಡು ಸಿಗುತ್ತದೆ. ಅದಕ್ಕೆ ನೀವು ಜಾಸ್ತಿ ಓಡಾಡಬೇಕಾಗಿಯೂ ಇಲ್ಲ. ಜೂನ್ 5ರ ಪರಿಸರ ದಿನ ಹತ್ತಿರ ಬಂತು ಅಂದರೆ ಗಿಡ ಕೊಡುವವರು ತಾವಾಗಿಯೇ ಫೋನ್ ಮಾಡುತ್ತಾರೆ. ಸಿಗದೇ ಇರುವುದು ಮುಂದಿನ ಏಪ್ರಿಲ್‌ನಲ್ಲಿ ಆ ಗಿಡಕ್ಕೆ ನೀರು ಹಾಕುವವರ ಕೂಲಿ. ಅದರ ಮುಂದಿನ ಏಪ್ರಿಲ್‌ದು ಇನ್ನೂ ಕಷ್ಟ. ಹಾಗಾಗಿ ಇವತ್ತು ನಾನು ಮಾತಾಡುವುದು ಹೆಚ್ಚಾಗಿ ಆ ಕೂಲಿಯ ಬಗ್ಗೆ.

ನಗರದ ಎಷ್ಟೋ ಶಾಲೆಗಳ ಕಾಂಪೌಂಡ್ ಒಳಗೆ ಸಾಲಾಗಿ ಕಬ್ಬಿಣದ ಟ್ರೀ ಗಾರ್ಡ್‌ಗಳು ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಹಸಿರು ಬಣ್ಣ ಬಳಿದಿರುತ್ತಾರೆ. ಮುಂದೆ ತಗಡಿನ ಬೋರ್ಡು, ಅದರ ಮೇಲೆ ಕೊಟ್ಟವರ ಹೆಸರು. ಹತ್ತಿರ ಹೋಗಿ ಒಳಗೆ ಇಣುಕಿದರೆ ಬೆರಳು ದಪ್ಪದ ಒಂದು ಒಣಕಡ್ಡಿ. ಬುಡದಲ್ಲಿ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲ ಅರ್ಧ ಮಣ್ಣಿನಿಂದ ಹೊರಗೆ ಬಂದಿರುತ್ತದೆ, ನೆಡುವಾಗ ಅದನ್ನು ಹರಿದು ತೆಗೆಯುವಷ್ಟು ಪುರುಸೊತ್ತೂ ಇರಲಿಲ್ಲ. ಗಾರ್ಡ್‌ನ ಬೆಲೆ ಗಿಡದ ಬೆಲೆಗಿಂತ ಹತ್ತಾರು ಪಟ್ಟು ಇರುತ್ತದೆ. ಆ ಒಂದು ಗಾರ್ಡ್‌ನ ದುಡ್ಡನ್ನು ನೀರು ಹಾಕುವವರ ಕೈಗೆ ಕೊಟ್ಟಿದ್ದರೆ ಗಿಡ ಉಳಿಯುತ್ತಿತ್ತು. ಕೊಟ್ಟವರ ಮನಸ್ಸು ಒಳ್ಳೆಯದೇ. ನಾವು ಕೇಳಿದ್ದನ್ನೇ ಅವರು ಕೊಟ್ಟರು. ನಾವು ಕೇಳಿದ್ದು ಗಾರ್ಡು.

ಶಾಲೆಯ ಕ್ಯಾಲೆಂಡರನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಮಳೆ ಶುರುವಾಗುವಾಗ ಶಾಲೆ ತೆರೆಯುತ್ತದೆ. ಜೂನ್‌ನಲ್ಲಿ ಗಿಡ ನೆಡುತ್ತೇವೆ, ಅಕ್ಟೋಬರ್ ತನಕ ಮಳೆಯೇ ನೋಡಿಕೊಳ್ಳುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಚಳಿ, ಮಣ್ಣಿನಲ್ಲಿ ಸ್ವಲ್ಪ ಪಸೆ ಇರುತ್ತದೆ. ಜನವರಿಯಿಂದ ನೆಲ ಒಣಗುತ್ತದೆ. ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆ, ಗೇಟಿಗೆ ಬೀಗ. ಅಂದರೆ ಗಿಡಕ್ಕೆ ನೀರು ಅತಿ ಜಾಸ್ತಿ ಬೇಕಾದ ಹೊತ್ತಿಗೆ ಅಂಗಳದಲ್ಲಿ ಒಬ್ಬರೂ ಇರುವುದಿಲ್ಲ. "ಮಕ್ಕಳ ಕೈಲಿ ನೀರು ಹಾಕಿಸ್ತೀವಿ ಸಾರ್" ಅಂತ ತುಂಬಾ ಜನ ಹೇಳುತ್ತಾರೆ. ಹಾಕಿಸಿ, ಮಕ್ಕಳಿಗೆ ಖುಷಿ, ಕಲಿಕೆಯೂ ಹೌದು. ಆದರೆ ಅದನ್ನೇ ನಂಬಿಕೊಂಡು ಯೋಜನೆ ಬರೆಯಬೇಡಿ. ಮೇ ತಿಂಗಳಲ್ಲಿ ಆ ಮಕ್ಕಳು ಅಜ್ಜಿ ಮನೆಯಲ್ಲಿರುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕ ಮಾಡದೆ ದುಡ್ಡು ಕೇಳಲು ಹೋದರೆ ಎಲ್ಲರೂ ಬಾಯಿಗೆ ಬಂದ ಮೊತ್ತ ಹೇಳುತ್ತಾರೆ. ನಿಮ್ಮ ಅಂಗಳಕ್ಕೆ 40 ಗಿಡ ಅಂತ ಇಟ್ಟುಕೊಳ್ಳಿ. ಒಂದು ಗಿಡಕ್ಕೆ ಸಲಕ್ಕೆ 15 ಲೀಟರ್, ವಾರಕ್ಕೆ ಎರಡು ಸಲ. ವಾರಕ್ಕೆ 1,200 ಲೀಟರ್ ಆಯಿತು. ಜನವರಿಯಿಂದ ಮೇ ತನಕ 20 ವಾರ ಅಂದರೆ 24,000 ಲೀಟರ್. ಕೇಳೋದಕ್ಕೆ ದೊಡ್ಡದು ಅನಿಸುತ್ತದೆ, ಆದರೆ ಅದು 6,000 ಲೀಟರ್‌ನ ನಾಲ್ಕೇ ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತ್ತು. ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ. ನೀವು ಅದರ ಎರಡರಷ್ಟು ಇಟ್ಟುಕೊಳ್ಳಿ. ಆದರೂ ಇಡೀ ಬೇಸಿಗೆಯ ನೀರಿಗೆ 4,800 ರೂಪಾಯಿ ಮೀರುವುದಿಲ್ಲ.

ಇನ್ನು ಕೂಲಿ. ವಾರಕ್ಕೆ ಎರಡು ಬೆಳಿಗ್ಗೆ ಬಂದು ಪೈಪು ಹಿಡಿದು, ಬುಡ ಸಡಿಲ ಮಾಡಿ ಹೋಗುವವರಿಗೆ ಸಲಕ್ಕೆ 400 ರೂಪಾಯಿ ಅಂದುಕೊಳ್ಳಿ. 20 ವಾರಕ್ಕೆ 16,000. ಉಳಿದ ಏಳು ತಿಂಗಳು ತಿಂಗಳಿಗೊಮ್ಮೆ ಕಳೆ ಕೀಳುವುದಕ್ಕೆ 2,800. ನೀರಿನದ್ದೂ ಸೇರಿಸಿ ವರ್ಷಕ್ಕೆ 23,600. ಮೂರು ಬೇಸಿಗೆ ದಾಟಿಸಿದರೆ ಹೊಂಗೆ, ಬೇವು, ನೇರಳೆಯಂಥ ಮರಗಳ ಬೇರು ಆಳಕ್ಕೆ ಇಳಿದಿರುತ್ತದೆ, ಆಮೇಲೆ ಅವು ನಿಮ್ಮ ದಾರಿ ಕಾಯುವುದಿಲ್ಲ. ಹಾಗಾದರೆ ಬೇಕಾಗಿರುವುದು ಮೂರು ವರ್ಷಕ್ಕೆ ಎಪ್ಪತ್ತು ಸಾವಿರದ ಆಸುಪಾಸು. ದರ ನಿಮ್ಮ ಏರಿಯಾದ್ದು ಹಾಕಿಕೊಳ್ಳಿ. ಆದರೆ ಗಮನಿಸಿ, ಇದರಲ್ಲಿ ಮುಕ್ಕಾಲು ಪಾಲು ದುಡ್ಡು ಹೋಗಿದ್ದು ಮನುಷ್ಯರ ಕೈಗೆ. ಗಿಡದ ಬೆಲೆ ನಾನಿನ್ನೂ ಸೇರಿಸಿಯೇ ಇಲ್ಲ.

ಯಾರ ಹತ್ತಿರ ಏನು ಕೇಳಬೇಕು ಅನ್ನುವುದು ಮುಂದಿನ ಮಾತು. ಗಿಡಕ್ಕೆ ಅಂಗಡಿಗೆ ಹೋಗಬೇಡಿ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಪ್ರತಿ ಮಳೆಗಾಲಕ್ಕೆ ಸಸಿ ಬೆಳೆಸಿಟ್ಟಿರುತ್ತಾರೆ, ಚೀಲದ ಅಳತೆಯ ಮೇಲೆ ರಿಯಾಯಿತಿ ದರ. 'ಮಗುವಿಗೊಂದು ಮರ, ಶಾಲೆಗೊಂದು ವನ' ಅಂತ ಶಾಲೆಗಳಿಗಾಗಿಯೇ ಇಲಾಖೆ ಯೋಜನೆ ನಡೆಸಿದೆ. ಎಂಟಕ್ಕೆ ಹನ್ನೆರಡು ಇಂಚಿನ ಚೀಲದ ಸಸಿ ಸಾಕು, ಹದಿನಾಲ್ಕಕ್ಕೆ ಇಪ್ಪತ್ತರದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಮಕ್ಕಳ ಚೆಂಡಿನ ಏಟು ತಡೆಯುತ್ತದೆ. ಮುಖ್ಯ ಶಿಕ್ಷಕರ ಸಹಿ ಹಾಕಿದ ಪತ್ರವನ್ನು ವಲಯ ಅರಣ್ಯ ಅಧಿಕಾರಿಗೆ ಮಳೆಗೆ ಮುಂಚೆಯೇ ಕೊಡಿ. ಜೂನ್ ನಾಲ್ಕಕ್ಕೆ ಹೋದರೆ ಉಳಿದಿದ್ದನ್ನು ಕೊಡುತ್ತಾರೆ.

ಶಾಲೆಗೇ ಬರುವ ದುಡ್ಡಿನಲ್ಲೂ ಒಂದು ಪಾಲಿದೆ. ಸರ್ಕಾರಿ ಶಾಲೆಗಳಿಗೆ ಹಣ ಕೊಡುವ ಕೇಂದ್ರದ 'ಸಮಗ್ರ ಶಿಕ್ಷಣ' ಯೋಜನೆಯ ಮಾರ್ಗಸೂಚಿಯಲ್ಲಿ ಸಂಯುಕ್ತ ಶಾಲಾ ಅನುದಾನ ಅಂತಿದೆ. 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000, ಅದರ ಮೇಲೆ 1,000 ಮಕ್ಕಳ ತನಕ 75,000. ಅದರಲ್ಲಿ ಸೀಮೆಸುಣ್ಣದಿಂದ ಹಿಡಿದು ಕರೆಂಟ್ ಬಿಲ್ಲಿನ ತನಕ ಎಲ್ಲ ಆಗಬೇಕು, ಹಾಗಾಗಿ ಅದರ ಮೇಲೆ ಕಣ್ಣು ಹಾಕುವುದು ನ್ಯಾಯವಲ್ಲ. ಆದರೆ ಯುವ ಮತ್ತು ಇಕೋ ಕ್ಲಬ್‌ಗೆ ಬೇರೆ ಹಣ ಇದೆ, ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 15,000, ಪ್ರೌಢಶಾಲೆಗೆ 25,000 ರೂಪಾಯಿ ತನಕ. ಗುಂಡಿ ತೆಗೆಸುವುದು, ಕೊಟ್ಟಿಗೆ ಗೊಬ್ಬರ, ಒಂದು ಚೀಲ ಬೇವಿನ ಹಿಂಡಿ, ಬಿದಿರಿನ ತಡಿಕೆ, ಇಷ್ಟಕ್ಕೆ ಅದು ಸಾಕು.

ಶಾಸಕರಿಗೆ ತಮ್ಮ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿಯ ಸ್ಥಳೀಯ ಅಭಿವೃದ್ಧಿ ನಿಧಿ ಇದೆ. ಅವರ ಕಚೇರಿಗೆ ಹೋಗಿ "ಶಾಲೆ ಹಸಿರು ಮಾಡಿಕೊಡಿ" ಅಂದರೆ ಗಿಡ ನೆಡುವ ಕಾರ್ಯಕ್ರಮ ಮಾಡಿಕೊಡುತ್ತಾರೆ. ಅದು ನಿಮಗೆ ಬೇಡ. ಆ ನಿಧಿ ಇರುವುದು ಬಹುಕಾಲ ಬಾಳುವ ಆಸ್ತಿ ಕಟ್ಟುವುದಕ್ಕೆ. ಸಂಸದರ ನಿಧಿಯಲ್ಲಂತೂ ನಿರ್ವಹಣೆಗೆ, ಕೂಲಿಗೆ ಖರ್ಚು ಮಾಡುವ ಹಾಗೇ ಇಲ್ಲ. ಆದ್ದರಿಂದ ಅಲ್ಲಿ ಕೇಳಬೇಕಾದ್ದು ನೆಲದೊಳಗಿನ ನೀರಿನ ತೊಟ್ಟಿ, ಬಿದ್ದುಹೋದ ಕಾಂಪೌಂಡ್, ಒಂದು ಪಂಪು. ಕಾಂಪೌಂಡ್ ಇಲ್ಲದ ಶಾಲೆಯಲ್ಲಿ ಗಿಡ ನೆಟ್ಟರೆ ಬೀದಿ ಹಸುವಿಗೆ ಮೇವು ಹಾಕಿದ ಹಾಗೆ ಆಗುತ್ತದೆ. ಹಳ್ಳಿಯ ಕಡೆಯವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಶಾಲೆಗಳ ಕಾಂಪೌಂಡ್, ಆಟದ ಮೈದಾನ ಆಗಿವೆ. ನಗರದ ವಾರ್ಡ್‌ನಲ್ಲಿ ಆ ದಾರಿ ಇಲ್ಲ.

ಕಂಪನಿಗಳ ಸಿಎಸ್‌ಆರ್ ಹಣದ ಬಗ್ಗೆ, ಅಂದರೆ ಲಾಭದಲ್ಲಿ ಅವರು ಸಮಾಜಕ್ಕೆ ಖರ್ಚು ಮಾಡಬೇಕಾದ ಪಾಲಿನ ಬಗ್ಗೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಹೆಚ್ಚು ಮೋಸಹೋಗುವುದು. ಮೋಸ ಅಂದರೆ ಕಂಪನಿ ಮಾಡುವ ಮೋಸ ಅಲ್ಲ, ನಾವು ನಿಯಮ ತಿಳಿಯದೆ ಕಡಿಮೆ ಕೇಳುವುದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಆ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ಒಪ್ಪುವ ಕೆಲಸಗಳ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ಪರಿಸರವೂ ಇದೆ. ಶಾಲೆಯ ಅಂಗಳ ಎರಡಕ್ಕೂ ಸೇರುತ್ತದೆ.

ದೊಡ್ಡ ಗಾಜಿನ ಕಟ್ಟಡದ ಕಂಪನಿಗಳ ಹತ್ತಿರವೇ ಎಲ್ಲರೂ ಓಡುತ್ತಾರೆ. ನಿಮ್ಮ ಶಾಲೆಯಿಂದ ಎರಡು ಕಿಲೋಮೀಟರ್‌ನಲ್ಲಿ ಇರುವ ಮಧ್ಯಮ ಗಾತ್ರದ ಫ್ಯಾಕ್ಟರಿಯನ್ನು ಯಾರೂ ಕೇಳಿರುವುದಿಲ್ಲ. ಸಿಎಸ್‌ಆರ್ ಮೊತ್ತ ವರ್ಷಕ್ಕೆ 50 ಲಕ್ಷ ಮೀರದ ಕಂಪನಿಗೆ ಪ್ರತ್ಯೇಕ ಸಮಿತಿಯೇ ಬೇಕಾಗಿಲ್ಲ, ನಿರ್ದೇಶಕರ ಮಂಡಳಿಯೇ ತೀರ್ಮಾನ ಮಾಡಬಹುದು. ಅಂದರೆ ಅಲ್ಲಿ ನೀವು ನೇರವಾಗಿ ತೀರ್ಮಾನ ಮಾಡುವವರ ಎದುರೇ ಕೂರಬಹುದು. ಸಣ್ಣ ಮೊತ್ತ, ಹತ್ತಿರದ ಶಾಲೆ, ಬೇಕಾದಾಗ ಬಂದು ನೋಡಬಹುದು. ಅವರಿಗೂ ಅದು ಹಿತ.

ಇಲ್ಲಿ ಒಂದು ನಿಯಮವನ್ನು ದಯವಿಟ್ಟು ಬರೆದುಕೊಳ್ಳಿ. 2021ರ ಸಿಎಸ್‌ಆರ್ ನಿಯಮಗಳಲ್ಲಿ 'ಮುಂದುವರಿಯುವ ಯೋಜನೆ' ಅಂತ ಒಂದು ಬಗೆ ಇದೆ. ಶುರು ಮಾಡಿದ ಆರ್ಥಿಕ ವರ್ಷ ಬಿಟ್ಟು ಇನ್ನೂ ಮೂರು ವರ್ಷದ ತನಕ ಅದನ್ನು ನಡೆಸಬಹುದು. ಆ ವರ್ಷ ಖರ್ಚಾಗದ ಹಣವನ್ನು ಕಂಪನಿ ಬೇರೆ ಖಾತೆಯಲ್ಲಿ ಎತ್ತಿಟ್ಟು ಅದೇ ಯೋಜನೆಗೆ ಬಳಸಬಹುದು. ನಮಗೆ ಬೇಕಾದ ಮೂರು ಬೇಸಿಗೆ ಸರಿಯಾಗಿ ಅದರೊಳಗೆ ಕೂರುತ್ತದೆ, ಅಲ್ವಾ? ಆದರೆ ಶಾಲೆಗಳಿಂದ ಹೋಗುವ ಅರ್ಜಿಗಳಲ್ಲಿ "200 ಗಿಡ, 200 ಗಾರ್ಡ್, ಒಂದು ಉದ್ಘಾಟನೆ" ಅಂತ ಇರುತ್ತದೆ. ಅವರು ಒಂದೇ ದಿನದಲ್ಲಿ ದುಡ್ಡು ಮುಗಿಸಿ ಹೋಗುತ್ತಾರೆ. ನೀವು "40 ಗಿಡ, ಮೂರು ವರ್ಷದ ಆರೈಕೆ, ಪ್ರತಿ ಮೇ ಕೊನೆಗೆ ಎಷ್ಟು ಬದುಕಿವೆ ಅಂತ ಫೋಟೋ ಸಮೇತ ವರದಿ" ಅಂತ ಬರೆಯಿರಿ. ಈ ಬಗೆಯ ಅರ್ಜಿ ಅವರ ಮೇಜಿಗೆ ಬರುವುದೇ ಅಪರೂಪ.

ದುಡ್ಡು ಯಾರ ಖಾತೆಗೆ ಅನ್ನುವುದು ಮೊದಲ ಸಭೆಯಲ್ಲೇ ಬರುತ್ತದೆ. ಬೇರೆ ಸಂಸ್ಥೆಯ ಮೂಲಕ ಕೆಲಸ ಮಾಡಿಸುವುದಾದರೆ ಆ ಸಂಸ್ಥೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಟ್ರಸ್ಟ್, ಸಂಘಗಳಿಗೆ ಆದಾಯ ತೆರಿಗೆಯ ನೋಂದಣಿ, ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 12ಎ, 80ಜಿ) ಕೂಡ ಬೇಕು. ಇದನ್ನು ನೋಡಿ ಹೆದರಬೇಡಿ. ಕಂಪನಿಯೇ ನೇರವಾಗಿ ಕೆಲಸ ಮಾಡಿಸಿ, ತೊಟ್ಟಿ ಕಟ್ಟಿದವರಿಗೆ, ಮಾಲಿಗೆ ತಾನೇ ಪಾವತಿ ಮಾಡಬಹುದು. ಬಹಳ ಶಾಲೆಗಳಿಗೆ ಅದೇ ಅನುಕೂಲ, ಲೆಕ್ಕದ ಭಾರ ಮುಖ್ಯ ಶಿಕ್ಷಕರ ತಲೆಗೆ ಬರುವುದಿಲ್ಲ. ಕೇಂದ್ರ ಸರ್ಕಾರದ ವಿದ್ಯಾಂಜಲಿ ತಾಣದಲ್ಲೂ ಶಾಲೆ ತನಗೇನು ಬೇಕು ಅಂತ ಹಾಕಬಹುದು. 2021ರಿಂದ ಅದು ಹೊಸ ರೂಪದಲ್ಲಿ ನಡೆಯುತ್ತಿದೆ. ಅಲ್ಲೂ ಅಷ್ಟೇ, "ಗಿಡ ಬೇಕು" ಅಂತ ಹಾಕಬೇಡಿ, "ಏಪ್ರಿಲ್-ಮೇ ತಿಂಗಳು ನೀರು ಹಾಕುವ ನೆರವು ಬೇಕು" ಅಂತ ಹಾಕಿ.

ಕಂಪನಿಗಳ ಜೊತೆ ಇನ್ನೊಂದು ತೊಡಕಿದೆ. ಅವರ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹಣ ಖರ್ಚು ಮಾಡುವ ಅವಸರ. "ಈ ಶನಿವಾರವೇ ನಮ್ಮ ನೂರು ಜನ ಉದ್ಯೋಗಿಗಳು ಬಂದು ಗಿಡ ನೆಡ್ತಾರೆ" ಅಂತಾರೆ. ಮಾರ್ಚ್ ಬಿಸಿಲಿಗೆ ನೆಟ್ಟ ಗಿಡದ ಗತಿ ಏನಾಗುತ್ತದೆ ಅಂತ ರೈತರ ಮನೆಯ ಮಕ್ಕಳಿಗೆ ಹೇಳಬೇಕಾಗಿಲ್ಲ. ಬೇಡ ಅನ್ನಬೇಡಿ, ಬನ್ನಿ ಅನ್ನಿ. ಆ ನೂರು ಜನರ ಕೈಲಿ ಗುಂಡಿ ತೆಗೆಸಿ. ಎರಡಡಿ ಅಗಲ, ಎರಡಡಿ ಆಳ. ಬೇಸಿಗೆಯ ಬಿಸಿಲು ಗುಂಡಿಗೆ ಬಿದ್ದರೆ ಒಳ್ಳೆಯದೇ, ನಮ್ಮ ಹಿರಿಯರು ತೋಟಕ್ಕೆ ಹಾಗೇ ಮಾಡುತ್ತಿದ್ದರು. ತೊಟ್ಟಿ, ಪೈಪು, ಬೇಲಿ, ಗೊಬ್ಬರ ಎಲ್ಲ ಮಾರ್ಚ್ ಒಳಗೆ ಮುಗಿಸಿ ಬಿಲ್ಲು ಕೊಡಿ. ಗಿಡ ಮಾತ್ರ ಎರಡು ಒಳ್ಳೆಯ ಮಳೆ ಬಿದ್ದ ಮೇಲೆ.

ನೀರಿನ ವಿಷಯದಲ್ಲಿ ಇನ್ನೊಂದು ಎಚ್ಚರ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ವಾಹನ ತೊಳೆಯೋದಕ್ಕೆ ಬಳಸಬಾರದು ಅಂತ ಆದೇಶ ಮಾಡಿ 5,000 ರೂಪಾಯಿ ದಂಡ ಹಾಕಿತ್ತು. ಹಾಗಾಗಿ ಕಾವೇರಿ ನಲ್ಲಿಯ ಮೇಲೆ ನಿಂತ ಯೋಜನೆ ಬೇಡ. ನಿಮ್ಮ ಶಾಲೆಯ ಚಾವಣಿ ಎಷ್ಟು ದೊಡ್ಡದಿದೆ? 200 ಚದರ ಮೀಟರ್ ಅಂತ ಇಟ್ಟುಕೊಂಡರೂ, ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್, ಸೋರಿ ಹೋಗುವುದನ್ನು ಕಳೆದರೂ ಒಂದೂವರೆ ಲಕ್ಷ ಲೀಟರ್ ಮೇಲಿನಿಂದ ಬೀಳುತ್ತದೆ. ನಮಗೆ ಬೇಕಾಗಿರುವುದು 24,000. ಅಷ್ಟನ್ನೂ ಕೂಡಿಡುವ ತೊಟ್ಟಿಗೆ ದೊಡ್ಡ ದುಡ್ಡು ಬೇಕು, ಅದಕ್ಕೇ ಶಾಸಕರ ನಿಧಿ ಅಂದಿದ್ದು. ಅರ್ಧದಷ್ಟೇ ಆದರೂ ನಾಲ್ಕು ಟ್ಯಾಂಕರ್ ಬದಲು ಎರಡಕ್ಕೆ ಇಳಿಯುತ್ತದೆ.

ಆದರೆ ತೊಟ್ಟಿ ಕಟ್ಟಿಬಿಟ್ಟರೆ ಕೆಲಸ ಆಯಿತು ಅಂದುಕೊಳ್ಳಬೇಡಿ. 2006ರಲ್ಲಿ ಸುವರ್ಣ ಕರ್ನಾಟಕದ ವರ್ಷ 'ಸುವರ್ಣ ಜಲ' ಅಂತ ಯೋಜನೆ ಬಂತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳ ಚಾವಣಿಗೆ ಮಳೆನೀರು ಸಂಗ್ರಹದ ವ್ಯವಸ್ಥೆ ಮಾಡುವ ಯೋಜನೆ ಅದು. ಎಷ್ಟು ಒಳ್ಳೆಯ ಆಲೋಚನೆ ನೋಡಿ! ಕೆಲವೇ ವರ್ಷದಲ್ಲಿ ಬಹಳ ಕಡೆ ಪೈಪು ಕಳಚಿ, ಸೋಸುವ ಜಲ್ಲಿ ಕಟ್ಟಿಕೊಂಡು, ತೊಟ್ಟಿಗಳು ಖಾಲಿ ಬಿದ್ದವು. ಜೋಡಿಸುವುದಕ್ಕೆ ಹಣ ಇತ್ತು. ವರ್ಷಕ್ಕೊಮ್ಮೆ ಚಾವಣಿ ಗುಡಿಸಿ ಜಲ್ಲಿ ತೊಳೆಯುವವರು ಯಾರು ಅನ್ನುವುದು ಎಲ್ಲೂ ಬರೆದಿರಲಿಲ್ಲ. ನಿಮ್ಮ ಅರ್ಜಿಯಲ್ಲಿ ಆ ಸಾಲು ಇರಲಿ, ಅದರ ಎದುರು ಮೊತ್ತವೂ ಇರಲಿ.

ಇಲ್ಲಿಗೆ ಬರುವಾಗ ನಿಮ್ಮ ಕೈ ತೊಳೆಯುವ ನಲ್ಲಿಗಳ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ಬಿಸಿಯೂಟ ಮುಗಿದಿತ್ತು. ಮಕ್ಕಳು ಸಾಲಾಗಿ ತಟ್ಟೆ ತೊಳೆಯುತ್ತಿದ್ದರು. ಸಾಂಬಾರಿನ ಬಣ್ಣದ ನೀರು, ಅದರಲ್ಲಿ ಅನ್ನದ ಅಗುಳು, ಒಂದೆರಡು ಕರಿಬೇವಿನ ಎಲೆ, ಎಲ್ಲ ಸಿಮೆಂಟ್ ಕಾಲುವೆಯಲ್ಲಿ ಹರಿದು ಚರಂಡಿ ಸೇರುತ್ತಿತ್ತು. ಕಾಲುವೆ ಕೊನೆಗೆ ಒಂದು ಜಾಲರಿ ಇಟ್ಟು ಅಗುಳು ತಡೆದರೆ, ಆ ನೀರನ್ನು ಪಕ್ಕದ ಮೂರಡಿ ಪಟ್ಟಿಗೆ ತಿರುಗಿಸಬಹುದು. ಬಾಳೆ, ನುಗ್ಗೆ, ಕರಿಬೇವು ಅಲ್ಲಿ ಚೆನ್ನಾಗಿ ಬರುತ್ತವೆ, ಅಡುಗೆಯವರಿಗೂ ಉಪಯೋಗ. ಇದಕ್ಕೆ ಯಾವ ನಿಧಿಯೂ ಬೇಡ. ಒಬ್ಬ ಗಾರೆ ಕೆಲಸದವರ ಅರ್ಧ ದಿನ ಸಾಕು, ನಿಮ್ಮಲ್ಲೇ ಯಾರಾದರೂ ಆ ಕೆಲಸದವರು ಇರುತ್ತೀರಿ.

ಸ್ವಲ್ಪ ದೂರದ ಒಂದು ಉದಾಹರಣೆ. ಅಮೆರಿಕದ ಶಿಕಾಗೋದಲ್ಲಿ ಸ್ಪೇಸ್ ಟು ಗ್ರೋ ಅಂತ ಶಾಲಾ ಅಂಗಳದ ಯೋಜನೆ ಇದೆ. 2014ರಲ್ಲಿ ಅದರ ಮೊದಲ ಅಂಗಳಗಳು ತಯಾರಾದವು. ಡಾಂಬರು ಕಿತ್ತು, ನೀರು ಇಂಗುವ ನೆಲ, ಗಿಡ, ಆಟದ ಜಾಗ ಮಾಡಿದರು. ಅದಕ್ಕೆ ದುಡ್ಡು ಹಾಕಿದ್ದು ಶಾಲಾ ಆಡಳಿತ ಒಂದೇ ಅಲ್ಲ. ನಗರದ ನೀರಿನ ಇಲಾಖೆ ಮತ್ತು ಒಳಚರಂಡಿ ನೋಡಿಕೊಳ್ಳುವ ಮಂಡಳಿ ಕೂಡ ಜೊತೆಗೆ ಹಾಕಿದವು. ಯಾಕೆ? ಮಳೆ ಬಂದಾಗ ಸುತ್ತಲಿನ ಮನೆಗಳ ನೆಲಮಾಳಿಗೆಗೆ ನೀರು ನುಗ್ಗುತ್ತಿತ್ತು. ಅಂಗಳ ನೀರು ಹೀರಿದರೆ ಅವರ ಸಮಸ್ಯೆಯೂ ಕಡಿಮೆಯಾಗುತ್ತದೆ. ನಮ್ಮ ಕೆಳಗಿನ ರಸ್ತೆಯಲ್ಲೂ ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುತ್ತದೆ ಅಂತ ಈಗಷ್ಟೇ ಒಬ್ಬ ಅಮ್ಮ ಹೇಳಿದರು. ಹಾಗಿದ್ದರೆ ಅಂಗಳದ ಇಂಟರ್‌ಲಾಕ್ ಟೈಲ್ಸ್ ಅರ್ಧ ಕಿತ್ತು ಇಂಗುಗುಂಡಿ ಮಾಡುವ ಖರ್ಚನ್ನು ಪಾಲಿಕೆಯ ಮಳೆನೀರು ಕಾಲುವೆ ನೋಡಿಕೊಳ್ಳುವ ಎಂಜಿನಿಯರ್ ಹತ್ತಿರ ಕೇಳಿ. ಶಾಲೆಯ ಹೆಸರಿನಲ್ಲಿ ಕೇಳಬೇಡಿ, ರಸ್ತೆಯ ಹೆಸರಿನಲ್ಲಿ ಕೇಳಿ.

ಜಾಗ ಗುರುತಿಸುವಾಗ ಎರಡು ಮಾತು. ಮಕ್ಕಳ ಆಟದ ಜಾಗ ಮುಟ್ಟಬೇಡಿ, ಮರ ಅಂಚಿನಲ್ಲಿರಲಿ. ಪಶ್ಚಿಮಕ್ಕೆ ಮೊದಲು ನೆಡಿ, ಮಧ್ಯಾಹ್ನದ ಬಿಸಿಲು ಆ ಕಡೆಯಿಂದಲೇ ತರಗತಿಗೆ ಬಡಿಯುವುದು. ಆಲ, ಅರಳಿ, ಅತ್ತಿ ಗೋಡೆಯ ಹತ್ತಿರ ಬೇಡ. ಕಣಗಿಲೆ ವಿಷ, ಅದು ಶಾಲೆಗೇ ಬೇಡ. ಮುಂದೆ ಹೊಸ ಕೊಠಡಿ ಬರುವ ಜಾಗ ಯಾವುದು ಅಂತ ಕೇಳಿಕೊಂಡು ಅದನ್ನು ಖಾಲಿ ಬಿಡಿ. 1976ರ ಮರ ಸಂರಕ್ಷಣಾ ಕಾಯ್ದೆ ಇರುವುದರಿಂದ ಬೆಳೆದ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕೊಠಡಿ ಮಂಜೂರಾದ ದಿನ ಮರ, ಮಕ್ಕಳು ಎದುರುಬದುರು ನಿಲ್ಲುವ ಹಾಗಾಗಬಾರದು.

ಇನ್ನು ನಿಮ್ಮದೇ ದುಡ್ಡಿನ ಮಾತು. ವರ್ಷಕ್ಕೆ 23,600 ಅಂದೆವು. ಈ ಶಾಲೆಯ ಸುತ್ತ 40 ಮನೆ ತಿಂಗಳಿಗೆ 50 ರೂಪಾಯಿ ಕೊಟ್ಟರೆ ವರ್ಷಕ್ಕೆ 24,000. ಕಂಪನಿ ಬಂದರೂ ಬರದಿದ್ದರೂ ಏಪ್ರಿಲ್ ನಡೆಯುತ್ತದೆ. ಒಂದೇ ಸಲ 5,000 ಕೊಡುತ್ತೇನೆ ಅನ್ನುವ ಒಬ್ಬರಿಗಿಂತ ತಿಂಗಳಿಗೆ 50 ಕೊಡುವ ಹತ್ತು ಮನೆ ನನಗೆ ಹೆಚ್ಚು. ಆ ಹತ್ತು ಮನೆಯವರು ಹಾಲಿಗೆ ಹೋಗುವಾಗ ಗೇಟಿನಿಂದ ಒಳಗೆ ನೋಡುತ್ತಾರೆ, ಎಲೆ ಬಾಡಿದ್ದರೆ ಕೇಳುತ್ತಾರೆ. ಆಟೋ ಓಡಿಸುವವರು, ಮನೆಕೆಲಸಕ್ಕೆ ಹೋಗುವವರು ಈ ಶಾಲೆಯ ಪೋಷಕರಲ್ಲಿ ಜಾಸ್ತಿ ಇದ್ದಾರೆ. ಅವರ ಮೇಲೆ ಈ 50 ರೂಪಾಯಿ ಹೇರಬಾರದು. ಕೇಳಬೇಕಾದ್ದು ಸುತ್ತಲಿನ ಮನೆಗಳನ್ನು, ತಮ್ಮ ಮಕ್ಕಳನ್ನು ಬೇರೆ ಶಾಲೆಗೆ ಕಳಿಸುವವರನ್ನೂ ಸೇರಿಸಿ. ನೆರಳು, ತಂಪು ಅವರ ಕಿಟಕಿಗೂ ಬರುತ್ತದೆ. ನೀರು ಹಾಕುವ ಕೆಲಸವನ್ನು ಮಾತ್ರ ಪೋಷಕರಲ್ಲೇ ಒಬ್ಬರಿಗೆ ಕೊಡಿ, ಕೂಲಿ ಕೊಟ್ಟು. ಬಿಟ್ಟಿ ಸೇವೆ ಅಂತ ಕೇಳಬೇಡಿ.

ಬಂದ ದುಡ್ಡು, ಹೋದ ದುಡ್ಡು ಗೇಟಿನ ಪಕ್ಕ ಕಪ್ಪು ಹಲಗೆಯ ಮೇಲೆ ಬರೆಯಿರಿ. ಪ್ರತಿ ತಿಂಗಳು. ಕೂಲಿ ಇಷ್ಟು, ಟ್ಯಾಂಕರ್ ಇಷ್ಟು, ಉಳಿದಿದ್ದು ಇಷ್ಟು. ದೊಡ್ಡ ಮೊತ್ತ ಕೊಡುವವರು ತೆರಿಗೆ ರಿಯಾಯಿತಿ ಕೇಳಿದರೆ ಆಗ ಹೇಳಿದ ತೆರಿಗೆ ಮಾನ್ಯತೆ ಇರುವ ಟ್ರಸ್ಟ್ ಮೂಲಕವೇ ಪಡೆಯಿರಿ. 2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ, ಮೊದಲೇ ಹೇಳಿಬಿಡಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದ ಪ್ರಶ್ನೆ. "ಈಗಿನ ಹೆಡ್‌ಮೇಡಂಗೆ ಆಸಕ್ತಿ ಇದೆ ಸಾರ್. ಅವರಿಗೆ ವರ್ಗ ಆದರೆ?" ಇದು ನಿಜವಾಗಿ ಆಗುವ ವಿಷಯ, ಮೂರು ವರ್ಷದೊಳಗೆ ಆಗಬಹುದು. ಅದಕ್ಕೇ ಯೋಜನೆ ಮುಖ್ಯ ಶಿಕ್ಷಕರ ಹೆಸರಿನಲ್ಲಿ ಇರಬಾರದು, ಎಸ್‌ಡಿಎಂಸಿಯ ನಡಾವಳಿ ಪುಸ್ತಕದಲ್ಲಿ ಇರಬೇಕು. ಎಸ್‌ಡಿಎಂಸಿ ಅಧ್ಯಕ್ಷರು ಪೋಷಕರಲ್ಲೇ ಒಬ್ಬರು, ಶಾಲೆಯ ಖಾತೆಗೆ ಮುಖ್ಯ ಶಿಕ್ಷಕರ ಜೊತೆ ಅವರ ಸಹಿಯೂ ಬೇಕು. ಮುಂದಿನ ಸಭೆಯಲ್ಲಿ ನಾಲ್ಕು ಸಾಲಿನ ನಿರ್ಣಯ ಬರೆಯಿರಿ. ಎಷ್ಟು ಗಿಡ, ಯಾವ ಜಾಗ, ನೀರು ಹಾಕುವವರು ಯಾರು, ಅವರ ಮೂರು ವರ್ಷದ ಕೂಲಿ ಎಲ್ಲಿಂದ. ನಾಲ್ಕನೇ ಸಾಲು ತುಂಬುವ ತನಕ ನರ್ಸರಿಗೆ ಪತ್ರ ಬರೆಯಬೇಡಿ. ಅದು ಈ ಮಳೆಗಾಲಕ್ಕೆ ತುಂಬದಿದ್ದರೆ ಬಾಳೆ, ನುಗ್ಗೆ ಮಾತ್ರ ಹಾಕಿ, ಮರಗಳನ್ನು ಮುಂದಿನ ಜೂನ್‌ಗೆ ಇಟ್ಟುಕೊಳ್ಳಿ.